ಹಾಸ್ಯಕ್ಕೆ ಬಲಿ: ಆಯ್ಕೆ, ಅರ್ಹತೆ ಮತ್ತು ನಿರ್ವಹಣೆ

ಹಾಸ್ಯಕ್ಕೆ ಬಲಿ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಬಲಿಯಾದವರನ್ನು ಬಿಟ್ಟು ಉಳಿದೆಲ್ಲರ ಬಳಿಯೂ ಕೇಳಿ ಆಗಿದೆ. ತತ್ವಜ್ಞಾನಿಗಳು ಉತ್ತರಿಸಿದ್ದಾರೆ, ನ್ಯಾಯಾಲಯ ಉತ್ತರಿಸಿದೆ, ವಾಹಿನಿಗಳ ಮುಖ್ಯಸ್ಥರು ಉತ್ತರಿಸಿದ್ದಾರೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತ ಮಾವಂದಿರು ಕೇಳದಿದ್ದರೂ ಉತ್ತರಿಸಿದ್ದಾರೆ. ಬಲಿಯಾದವರನ್ನು ಕೇಳದಿರಲು ಶಾಸ್ತ್ರೀಯ ಕಾರಣವಿದೆ: ಈ ವಿಷಯದಲ್ಲಿ ಅವರು ನಿಷ್ಪಕ್ಷಪಾತಿಗಳಲ್ಲ. ಹಾಗಾಗಿ ಹೊಣೆ ನನ್ನಂಥ ತಜ್ಞರ ಹೆಗಲಿಗೆ ಬಿದ್ದಿದೆ. ಹಾಸ್ಯದಲ್ಲಿ ನನ್ನ ಪರಿಣತಿಯ ಬಗ್ಗೆ ಯಾರಿಗೂ ಸಂಶಯ ಬೇಡ. ನಾನು ಜೋಕು ಹೇಳಿದಾಗ ಈವರೆಗೆ ಯಾರೂ ನಕ್ಕಿಲ್ಲ.

ವೀಕ್ಷಕರ ವರ್ಗೀಕರಣ

ಟೀವಿಯ ಬಗ್ಗೆ ಅಭಿಪ್ರಾಯ ಇರುವವರಲ್ಲಿ ಮೂರು ವರ್ಗ. ಮೊದಲನೆಯವರು ಟೀವಿ ನೋಡದವರು. "ನಮ್ಮನೇಲಿ ಟೀವಿ ಹಾಕೋದೇ ಇಲ್ಲ ಬಿಡಿ" ಎಂದು ಶುರುಮಾಡಿ, ಯಾವ ಧಾರಾವಾಹಿಯ ಯಾವ ಅತ್ತೆ ಸೊಸೆಯ ಹಾಲಿಗೆ ಏನು ಬೆರೆಸಿದಳು ಎಂಬಲ್ಲಿಗೆ ಮುಗಿಸುತ್ತಾರೆ. ಎರಡನೆಯವರ ಮನೆಯಲ್ಲಿ ಅದು "ಸುಮ್ನೆ ಓಡ್ತಿರುತ್ತೆ". ಮೂರನೆಯವರು ಪರೋಪಕಾರಿಗಳು: "ಅಮ್ಮಂಗೋಸ್ಕರ ಹಾಕಿರ್ತೀವಿ." ಅಮ್ಮನನ್ನು ಕೇಳಿದರೆ ಮೊಮ್ಮಗನಿಗೋಸ್ಕರ. ಮೊಮ್ಮಗ ಫೋನಿನಲ್ಲಿ ಮುಳುಗಿದ್ದಾನೆ. ಒಟ್ಟಿನಲ್ಲಿ ನಾಡಿನಲ್ಲಿ ಟೀವಿಯನ್ನು ಯಾರೂ ನೋಡುತ್ತಿಲ್ಲ. ಆದರೂ ಗುರುವಾರ ಬಂತೆಂದರೆ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆಯ ರೇಟಿಂಗ್ ಬರುತ್ತದೆ. ಮೀಟರ್ ಕೂರಿಸಿದ ಮನೆಗಳು ಯಾವುವು ಎಂಬುದು ಗುಟ್ಟು. ಹೆಸರು ಹೇಳಲಾಗದ ಆ ಕೆಲವು ಕುಟುಂಬಗಳು ನಮ್ಮೆಲ್ಲರ ಪರವಾಗಿ ಈ ಕಷ್ಟ ಅನುಭವಿಸುತ್ತಿವೆ ಎಂದು ನಂಬುವುದೇ ಸೌಜನ್ಯ.

ಮೂರೂ ವರ್ಗದವರಿಗೆ ಒಂದು ವಿಷಯದಲ್ಲಿ ಒಮ್ಮತವಿದೆ: ಈಗಿನ ಹಾಸ್ಯ ತುಂಬಾ ಕೀಳಾಗಿದೆ. ಈ ಮಾತನ್ನು ಹೇಳುವಾಗ ಅವರು ಕಣ್ಣೊರೆಸಿಕೊಳ್ಳುತ್ತಿರುತ್ತಾರೆ. ನಕ್ಕು ನಕ್ಕು ಬಂದ ನೀರು ಅದು.

ಶಾಸ್ತ್ರಾಧಾರ

ಭರತನ ನಾಟ್ಯಶಾಸ್ತ್ರ ನಗುವನ್ನು ಆರು ಬಗೆಯಾಗಿ ವಿಂಗಡಿಸಿ, ಅಂತಸ್ತಿಗೆ ತಕ್ಕಂತೆ ಹಂಚಿದೆ. ಉತ್ತಮರಿಗೆ ಸ್ಮಿತ ಮತ್ತು ಹಸಿತ, ಮಧ್ಯಮರಿಗೆ ವಿಹಸಿತ ಮತ್ತು ಉಪಹಸಿತ, ಅಧಮರಿಗೆ ಅಪಹಸಿತ ಮತ್ತು ಅತಿಹಸಿತ. ಸ್ಮಿತದಲ್ಲಿ ಹಲ್ಲು ಕಾಣಬಾರದು. ಅತಿಹಸಿತದಲ್ಲಿ ಕಣ್ಣೀರು ಬರಬೇಕು, ದನಿ ಕರ್ಕಶವಾಗಿರಬೇಕು, ಎರಡೂ ಕೈಗಳಿಂದ ಪಕ್ಕೆ ಹಿಡಿದುಕೊಳ್ಳಬೇಕು. ಕಾಮಿಡಿ ಶೋಗಳ ತೀರ್ಪುಗಾರರು ಈ ಕೊನೆಯ ಬಗೆಯನ್ನು ಸಾಂಗವಾಗಿ ಪಾಲಿಸುತ್ತಿರುವುದನ್ನು ಬಲ್ಲವರು ಗಮನಿಸಿರಬಹುದು. ಭರತ ಹೇಳದೆ ಬಿಟ್ಟದ್ದು ಮೇಜು ಕುಟ್ಟುವುದು, ಕುರ್ಚಿಯಿಂದ ಜಾರುವುದು, ಎದ್ದು ವೇದಿಕೆಯವರೆಗೆ ಓಡುವುದು. ಇವು ನಂತರದ ಸೇರ್ಪಡೆ. ಹಾಸ್ಯರಸ ಹೆಚ್ಚಾಗಿ ಕಾಣಬರುವುದು ಹೆಂಗಸರಲ್ಲಿ ಮತ್ತು ಕೆಳಸ್ತರದ ಪಾತ್ರಗಳಲ್ಲಿ ಎಂದೂ ಅದೇ ಗ್ರಂಥ ಹೇಳುತ್ತದೆ. ನಮ್ಮ ವಾಹಿನಿಗಳು ಗ್ರಂಥವನ್ನು ತೆರೆಯದೆಯೇ ಅದರ ಆಜ್ಞೆಯನ್ನು ಚಾಚೂ ತಪ್ಪದೆ ನಡೆಸುತ್ತಿವೆ. ಸಂಪ್ರದಾಯ ರಕ್ತದಲ್ಲಿ ಹರಿಯುತ್ತದೆ ಎನ್ನುವುದು ಇದಕ್ಕೇ.

ಇದಕ್ಕಿಂತ ಮುಖ್ಯವಾದ ಎರಡು ಪ್ರಕರಣಗಳು ಅದೇ ಗ್ರಂಥದಲ್ಲಿವೆ, ಒಂದು ಮೊದಲಲ್ಲಿ, ಒಂದು ಕೊನೆಯಲ್ಲಿ. ಲೋಕದ ಮೊತ್ತಮೊದಲ ನಾಟಕ ಇಂದ್ರಧ್ವಜದ ಉತ್ಸವದಲ್ಲಿ ನಡೆಯಿತು. ಕಥೆ ದೇವತೆಗಳ ಗೆಲುವಿನದು, ದೈತ್ಯರ ಸೋಲಿನದು. ಪ್ರೇಕ್ಷಕರಲ್ಲಿ ದೈತ್ಯರೂ ಇದ್ದರು. ಅವರಿಗೆ ನೋವಾಯಿತು. ವಿರೂಪಾಕ್ಷನೆಂಬವನ ಮುಂದಾಳುತನದಲ್ಲಿ ವಿಘ್ನಗಳೆಂಬ ದುಷ್ಟಶಕ್ತಿಗಳು ನಟರ ಮಾತು, ಚಲನೆ, ನೆನಪು ಎಲ್ಲವನ್ನೂ ಸ್ತಂಭಿಸಿದವು. ಇಂದ್ರ ಧ್ವಜದ ಕೋಲನ್ನೇ ಕಿತ್ತು ದೈತ್ಯರನ್ನೂ ವಿಘ್ನಗಳನ್ನೂ ಜರ್ಜರ ಮಾಡಿದ. ನಾಟಕಶಾಲೆ ಕಟ್ಟಿಸಲಾಯಿತು. ಬ್ರಹ್ಮ ದೈತ್ಯರನ್ನು ಕರೆದು, ಇದು ನಿಮ್ಮೊಬ್ಬರನ್ನೇ ಕುರಿತದ್ದಲ್ಲ, ಮೂರು ಲೋಕದ ಎಲ್ಲರನ್ನೂ ತೋರಿಸುವಂಥದ್ದು ಎಂದು ಸಮಾಧಾನ ಹೇಳಿದ. ಪೆಟ್ಟು ಮೊದಲು, ಸಮಾಧಾನ ಆಮೇಲೆ.

ಎರಡನೆಯ ಪ್ರಕರಣದಲ್ಲಿ ಭರತನ ಮಕ್ಕಳು, ವಿದ್ಯೆಯ ಸೊಕ್ಕಿನಲ್ಲಿ, ಋಷಿಗಳನ್ನು ಅಣಕಿಸಿ ಪ್ರಹಸನ ಆಡಿದರು. ಋಷಿಗಳಿಗೂ ನೋವಾಯಿತು. ಈ ಬಾರಿ ಯಾರೂ ಧ್ವಜದ ಕೋಲು ಹಿಡಿದು ಋಷಿಗಳ ಬಳಿ ಹೋಗಲಿಲ್ಲ. ಶಾಪ ತಗುಲಿದ್ದು ನಟರಿಗೆ. ಅವರ ವಿದ್ಯೆ ಹೋಯಿತು, ಕುಲವೂ ಕೆಳಗಿಳಿಯಿತು.

ನಮ್ಮ ಶಾಸ್ತ್ರ ನಿಂತಿರುವುದು ಈ ಎರಡು ಪ್ರಕರಣಗಳ ಮೇಲೆ. ದೈತ್ಯನಿಗೆ ನೋವಾದರೆ ದೈತ್ಯನಿಗೆ ಪೆಟ್ಟು, ಋಷಿಗೆ ನೋವಾದರೆ ನಟನಿಗೆ ಪೆಟ್ಟು. ಬಲಿಯನ್ನು ಆರಿಸುವ ಮುನ್ನ ಎದುರಿಗಿರುವವನು ದೈತ್ಯನೋ ಋಷಿಯೋ ಎಂದು ನೋಡಿಕೊಳ್ಳುವವನು ಈ ಕ್ಷೇತ್ರದಲ್ಲಿ ಬಾಳುತ್ತಾನೆ. ಮಿಕ್ಕ ಸಿದ್ಧಾಂತವೆಲ್ಲ ಇದರ ಟೀಕು.

ಪಶ್ಚಿಮದವರೂ ಇಲ್ಲಿಗೇ ಬಂದಿದ್ದಾರೆ. ಥಾಮಸ್ ಹಾಬ್ಸ್ 1651ರ ತನ್ನ 'ಲೆವಿಯಾಥನ್'ನಲ್ಲಿ, ಇನ್ನೊಬ್ಬನ ಕುಂದು ಕಂಡಾಗ ನಾವು ಅವನಿಗಿಂತ ಮೇಲು ಎಂದು ಥಟ್ಟನೆ ಹುಟ್ಟುವ ಹಿಗ್ಗೇ ನಗು ಎಂದಿದ್ದಾನೆ. ತಮ್ಮಲ್ಲಿ ಹೇಳಿಕೊಳ್ಳುವಂಥ ಸಾಮರ್ಥ್ಯ ಏನೂ ಇಲ್ಲ ಎಂದು ಒಳಗೊಳಗೇ ಗೊತ್ತಿರುವವರೇ ಹೀಗೆ ಹೆಚ್ಚು ನಗುತ್ತಾರೆ ಎಂದೂ ಅಲ್ಲೇ ಸೇರಿಸಿದ್ದಾನೆ. ತರಬೇತಿ ಶಿಬಿರಗಳಲ್ಲಿ ನಾನು ಮೊದಲ ಭಾಗವನ್ನಷ್ಟೇ ಪಾಠ ಮಾಡುತ್ತೇನೆ. ಎರಡನೆಯದಕ್ಕೆ ಸಮಯ ಸಾಲುವುದಿಲ್ಲ.

ಬಲಿಯ ಅರ್ಹತೆಗಳು

ಬಲಿಗೆ ಆಡಿನ ಮರಿಯೇ ಏಕೆ, ಹುಲಿ ಏಕಾಗದು ಎಂಬುದನ್ನು ಹಳೆಯ ಸುಭಾಷಿತವೊಂದು ಎಂದೋ ಇತ್ಯರ್ಥ ಮಾಡಿದೆ: ದೇವರೂ ದುರ್ಬಲರನ್ನೇ ಕೊಲ್ಲುವವನು. ಕಿರುತೆರೆಯ ಅಗತ್ಯಕ್ಕೆ ತಕ್ಕಂತೆ ಅದನ್ನು ಮೂರು ಅರ್ಹತೆಗಳಾಗಿ ಬಿಡಿಸಬಹುದು.

ಒಂದು, ಬಲಿಗೆ ಸಂಘ ಇರಬಾರದು. ವಕೀಲರಿಗೆ ಸಂಘವಿದೆ, ವೈದ್ಯರಿಗೆ ಸಂಘವಿದೆ, ಹೆಚ್ಚಿನ ಜಾತಿಗಳಿಗೆ ಸಂಘ, ಹಾಸ್ಟೆಲು, ಕಲ್ಯಾಣ ಮಂಟಪ ಮೂರೂ ಇವೆ. ಇವರನ್ನು ಮುಟ್ಟಿದರೆ ವಾಹಿನಿಯ ಕಚೇರಿ ಎದುರು ಶಾಮಿಯಾನ ಏಳುತ್ತದೆ. ಬೋಳುತಲೆಯವರು ಶಾಮಿಯಾನ ಹಾಕಿದ್ದನ್ನು ಯಾರೂ ಕಂಡಿಲ್ಲ. ಕಪ್ಪು ಬಣ್ಣದವರು ಈ ನಾಡಿನಲ್ಲಿ ಬಹುಸಂಖ್ಯಾತರಾಗಿದ್ದೂ ಸಂಘಟಿತರಾಗಿಲ್ಲ, ಏಕೆಂದರೆ ಸದಸ್ಯತ್ವದ ಅರ್ಜಿಯಲ್ಲಿ ತಾನು ಕಪ್ಪು ಎಂದು ಬರೆದು ಸಹಿ ಹಾಕುವವರು ಸಿಗುವುದಿಲ್ಲ. ವಧುವರರ ಜಾಹೀರಾತು ನೋಡಿ: ಎಲ್ಲರೂ ಗೋಧಿ ಬಣ್ಣ, ಎಣ್ಣೆಗೆಂಪು, ಹೆಚ್ಚೆಂದರೆ ಸಾಧಾರಣ ಬಣ್ಣ. ಹೀಗಾಗಿ ಕಪ್ಪಿನ ಮೇಲಿನ ಜೋಕು ಯಾರ ಮೇಲೂ ಬೀಳದೆ ಎಲ್ಲರ ಮೇಲೂ ಬೀಳುತ್ತದೆ. ನಿರ್ಮಾಪಕರಿಗೆ ಇದಕ್ಕಿಂತ ಸುರಕ್ಷಿತ ಸರಕು ಇನ್ನೊಂದಿಲ್ಲ.

ಎರಡು, ಬಲಿ ತಾನೂ ನಗಬೇಕು. ನಗದಿದ್ದರೆ "ಸ್ಪೋರ್ಟಿವ್ ಆಗಿ ತಗೊಳ್ಳಿ" ಎಂದು ಹೇಳಲಾಗುವುದು. ಸ್ಪೋರ್ಟಿವ್ ಆಗಿರುವ ಹೊಣೆ ಯಾವಾಗಲೂ ಒಂದೇ ಕಡೆಯವರದ್ದು. ತೀರ್ಪುಗಾರರ ತಲೆಗೂದಲಿನ ಬಗ್ಗೆ ಯಾರಾದರೂ ಮಾತೆತ್ತಿದರೆ ಅದು ಉದ್ಧಟತನ, ಎಡಿಟಿಂಗ್‌ನಲ್ಲಿ ಹೋಗುತ್ತದೆ.

ಮೂರು, ಬಲಿಗೆ ಆ ಕೆಲಸದ ಅಗತ್ಯ ಇರಬೇಕು. ದಪ್ಪಗಿರುವ ಹುಡುಗ ಆಡಿಷನ್‌ಗೆ ಬರುತ್ತಾನೆ. ಅವನಿಗೆ ಅಭಿನಯ ಬರುತ್ತದೆ, ಹಾಡು ಬರುತ್ತದೆ, ಐದು ಊರಿನ ಮಾತು ಬರುತ್ತದೆ. ಆಯ್ಕೆಯಾಗುವುದು ಹೊಟ್ಟೆ. ಮುಂದಿನ ಎಲ್ಲ ಕಂತುಗಳಲ್ಲೂ ಅವನು ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ, ಕುರ್ಚಿ ಮುರಿಯುತ್ತಾನೆ, ಇನ್ನೊಬ್ಬರ ತಟ್ಟೆಗೆ ಕೈಹಾಕುತ್ತಾನೆ. ಯಾರಾದರೂ ಆಕ್ಷೇಪಿಸಿದರೆ, "ಅವನ ಮನೆ ನಡೀತಿರೋದೇ ಅದರಿಂದ" ಎಂಬ ಉತ್ತರ ಸಿದ್ಧವಿದೆ. ಇದು ಜೀವನೋಪಾಯ ಯೋಜನೆ. ತೂಕ ಇಳಿಸಿದರೆ ಕೆಲಸ ಹೋಗುತ್ತದೆ. ವೈದ್ಯರ ಸಲಹೆ ಬೇರೆ ಇರಬಹುದು, ಆದರೆ ವೈದ್ಯರಿಗೆ ಸಂಘವಿದೆ.

ಪ್ರಾದೇಶಿಕ ಹಂಚಿಕೆ

ಧಾರಾವಾಹಿಯ ನಾಯಕ ನಾಯಕಿಯರಿಗೆ ಊರಿರುವುದಿಲ್ಲ. ಅವರ ಮಾತನ್ನು ಕೇಳಿದರೆ ಅವರು ಯಾವ ಜಿಲ್ಲೆಯವರೆಂದು ಗೊತ್ತಾಗಬಾರದು, ಬೆಂಗಳೂರಿನ ಸುತ್ತಮುತ್ತ ಎಲ್ಲೋ ಸೋಫಾದ ಮೇಲೆ ಹುಟ್ಟಿರಬೇಕು. ಊರಿರುವುದು ಅಡುಗೆಯವನಿಗೆ, ಡ್ರೈವರಿಗೆ, ವಿಲನ್ನಿನ ಬಂಟನಿಗೆ. ಅಡುಗೆಯವನಿಗೆ ಮಂಗಳೂರಿನ ಕನ್ನಡ, ಬಂಟನಿಗೆ ಉತ್ತರ ಕರ್ನಾಟಕದ ಕನ್ನಡ, ವಾಚ್‌ಮನ್ನನಿಗೆ ಕನ್ನಡವೇ ಬಾರದ ಕನ್ನಡ. ಧಾರವಾಡದ ಆಡುಮಾತಿನಲ್ಲಿ ಕಾವ್ಯ ಕಟ್ಟಿದ ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಬಂತು. ಅದೇ ಮಾತಿನಲ್ಲಿ ಸ್ಕಿಟ್‌ನ ಹುಡುಗ "ಏನ್ರೀ ಸರ" ಎಂದು ಬಾಯಿ ತೆರೆದರೆ ಸಾಕು, ಜೋಕು ಇನ್ನೂ ಬರುವುದರೊಳಗೆ ನಗು ಬಂದಿರುತ್ತದೆ. ಒಂದೇ ಕಚ್ಚಾವಸ್ತುವಿನಿಂದ ಎರಡು ಉದ್ಯಮ ನಡೆಸಿದ ನಾಡು ನಮ್ಮದು.

ಇದಕ್ಕೆ ಕಾನೂನಿನ ಅಡ್ಡಿ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದೆ. ಕೇಬಲ್ ಟೆಲಿವಿಷನ್ ಜಾಲಗಳ 1994ರ ನಿಯಮಾವಳಿಯ 6ನೇ ನಿಯಮವೇ ಕಾರ್ಯಕ್ರಮ ಸಂಹಿತೆ. ಅದರ ಪ್ರಕಾರ ಯಾವುದೇ ಜನಾಂಗದ, ಭಾಷೆಯ, ಪ್ರದೇಶದ ಗುಂಪನ್ನು ವ್ಯಂಗ್ಯವಾಗಿ, ಗತ್ತಿನಿಂದ, ಹಳಿಯುವಂತೆ ತೋರಿಸುವಂತಿಲ್ಲ. ಹೆಂಗಸರನ್ನು ಹೀಗಳೆಯುವಂತಿಲ್ಲ, ಮಕ್ಕಳನ್ನೂ ಇಲ್ಲ. ಕರಡು ರಚಿಸಿದವರ ಶ್ರಮ ಮೆಚ್ಚಬೇಕು. ನಮ್ಮ ಸ್ಕಿಟ್ ಬರೆಯುವವರು ಇದನ್ನು ನಿಷೇಧವೆಂದು ಓದದೆ ವಿಷಯಸೂಚಿಯೆಂದು ಓದಿದ್ದಾರೆ, ಅಷ್ಟೆ.

ಸೀರೆ ಪ್ರಕರಣ

ಗಂಡಸು ಸೀರೆ ಉಟ್ಟರೆ ನಗು ಏಕೆ ಬರುತ್ತದೆ ಎಂಬುದು ನಮ್ಮ ಕ್ಷೇತ್ರದ ಹಳೆಯ ಸಮಸ್ಯೆ. ಸೀರೆಯೇ ಕಾರಣ ಎನ್ನುವಂತಿಲ್ಲ. ಕರಾವಳಿಯಲ್ಲಿ ಯಕ್ಷಗಾನದ ಸ್ತ್ರೀವೇಷಧಾರಿ ಗಂಡಸೇ. ಅವನು ದಮಯಂತಿಯಾಗಿ ಬಂದು ಕಾಡಿನಲ್ಲಿ ಅತ್ತರೆ ಬಯಲಲ್ಲಿ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕಂಪನಿ ನಾಟಕಗಳ ಕಾಲದಲ್ಲೂ ಗಂಡಸರು ನಾಯಕಿಯರಾಗಿ ಮೆರೆದರು. ಅಲ್ಲೆಲ್ಲೂ ಸೀರೆ ಜೋಕಾಗಲಿಲ್ಲ. ಟೀವಿಯಲ್ಲಿ ಮಾತ್ರ ಸೀರೆ ಕಂಡ ಕೂಡಲೇ ನಗು. ಆಳವಾಗಿ ಪರಿಶೀಲಿಸಿದಾಗ ತಿಳಿದದ್ದಿಷ್ಟು: ಯಕ್ಷಗಾನದವನು ಹೆಣ್ಣಾಗಲು ಯತ್ನಿಸುತ್ತಾನೆ, ಟೀವಿಯವನು ಹೆಣ್ಣಾಗಿಬಿಟ್ಟೆನಲ್ಲ ಎಂದು ನಾಚುತ್ತಾನೆ. ಮೊದಲನೆಯದು ಹತ್ತುವುದು, ಎರಡನೆಯದು ಬೀಳುವುದು. ಬಿದ್ದವರನ್ನು ಕಂಡರೆ ನಗು ಬರುತ್ತದೆಂದು ಹಾಬ್ಸ್ ಹೇಳಿಯೇ ಇದ್ದಾನೆ. ಗಂಡು ಹೆಣ್ಣಾಗುವುದು ಬೀಳುವುದು ಹೇಗೆ ಎಂದು ಶಿಬಿರಾರ್ಥಿಯೊಬ್ಬಳು ಕೇಳಿದಳು. ಅಷ್ಟರಲ್ಲಿ ಊಟದ ಬಿಡುವಾಯಿತು.

ನಗುವಿನ ಉತ್ಪಾದನೆ

ಅಮೆರಿಕದಲ್ಲಿ 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಸ್ ಎಂಬ ಧ್ವನಿ ಎಂಜಿನಿಯರ್ ಧ್ವನಿಮುದ್ರಿತ ನಗುವಿನ ಪೆಟ್ಟಿಗೆಯೊಂದನ್ನು ತಯಾರಿಸಿದ. ಗುಂಡಿ ಒತ್ತಿದರೆ ಸಣ್ಣ ನಗು, ದೊಡ್ಡ ನಗು, ಬೇಕಾದದ್ದು ಬರುತ್ತಿತ್ತು. ನಕ್ಕವರು ಎಂದೋ ನಕ್ಕು ಮನೆಗೆ ಹೋಗಿದ್ದರೂ ಅವರ ನಗು ದುಡಿಯುತ್ತಲೇ ಇತ್ತು. ನಮ್ಮಲ್ಲಿ ಅದರ ಜೊತೆಗೆ ಜೀವಂತ ನಗುವೂ ಬಳಕೆಯಲ್ಲಿದೆ.

ರೆಕಾರ್ಡಿಂಗ್ ಫ್ಲೋರ್ ಒಂದರಲ್ಲಿ ಅದರ ತಯಾರಿಕೆಯನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಬಸ್ಸಿನಲ್ಲಿ ಕರೆತಂದ ಪ್ರೇಕ್ಷಕರನ್ನು ಬಟ್ಟೆಯ ಬಣ್ಣ ನೋಡಿ ಕೂರಿಸಲಾಗಿತ್ತು. ಫ್ಲೋರ್ ಮ್ಯಾನೇಜರ್ ಮುಂದೆ ನಿಂತ. "ಮೊದ್ಲು ಸಣ್ಣ ನಗು ಕೊಡಿ. ಹಾಂ. ಈಗ ಚಪ್ಪಾಳೆ ಜೊತೆಗೆ. ಈಗ ಹೊಟ್ಟೆ ಹಿಡ್ಕೊಂಡು, ಪಕ್ಕದೋರ ಮೇಲೆ ಬೀಳ್ಬೇಕು. ಅಣ್ಣಾ, ಮೂರನೇ ಸಾಲು, ಹಲ್ಲು ಕಾಣ್ಲಿ." ಎರಡನೇ ಸಾಲಿನ ಹೆಂಗಸಿನ ಮಡಿಲಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಅವಳು ಬಾಯಿ ಅಗಲಿಸಿ, ಭುಜ ಕುಣಿಸಿ, ಸದ್ದಿಲ್ಲದೆ ನಕ್ಕಳು. "ಮೇಡಂ, ಸೌಂಡು" ಎಂದ. ಅವಳು ಸದ್ದು ಮಾಡಿದಳು. ಮಗು ಎದ್ದು ಕಿರುಚಿತು. "ಕಟ್."

ಆಗಿನ್ನೂ ಸ್ಕಿಟ್ ಶುರುವಾಗಿರಲಿಲ್ಲ. ಬರಹಗಾರ ಮೇಕಪ್ ಕೋಣೆಯಲ್ಲಿ ಕೊನೆಯ ಪುಟ ಬರೆಯುತ್ತಿದ್ದ. ಯಾರನ್ನು ನೋಡಿ ನಗುವುದು ಎಂಬುದು ತೀರ್ಮಾನವಾಗುವ ಮುನ್ನವೇ ನಗು ಡಬ್ಬಿ ಸೇರಿತ್ತು. ಹಾಸ್ಯಕ್ಕೆ ಬಲಿ ಬೇಕೇ ಎಂಬ ಚರ್ಚೆಗೆ ಇದು ಹೊಸ ಬೆಳಕು ಚೆಲ್ಲುತ್ತದೆ. ನಗುವಿಗೆ ಬಲಿ ಬೇಕಿಲ್ಲ. ನಗು ಮೊದಲೇ ತಯಾರಾಗಿ ಕೂತಿರುತ್ತದೆ, ಹುದ್ದೆ ಖಾಲಿ ಇರುತ್ತದೆ, ಯಾರನ್ನಾದರೂ ಕೂರಿಸಬೇಕಷ್ಟೆ.

ಕ್ಷೇತ್ರಕಾರ್ಯ

ಬಳಕೆದಾರರ ಮಟ್ಟದಲ್ಲಿ ಹಾಸ್ಯ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಪರಿಚಯದವರ ಮನೆಯ ಹಾಲ್‌ನಲ್ಲಿ ಕೂತಿದ್ದೆ. ಸೋಫಾದ ಮೇಲೆ ಮನೆಯವರು. ಪಾತ್ರೆ ತೊಳೆದು ಮುಗಿಸಿದ ಕೆಲಸದ ಹೆಂಗಸು ಬಾಗಿಲ ಪಕ್ಕದ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಟೀವಿಯಲ್ಲಿ ಕೆಲಸದವಳ ಸ್ಕಿಟ್. ಸೀರೆಯುಟ್ಟ ಗಂಡಸು ಸೊಂಟಕ್ಕೆ ಪೊರಕೆ ಸಿಕ್ಕಿಸಿಕೊಂಡು, "ನಾಳಿಕ್ ಬರಕ್ಕಾಗಲ್ಲ ಅಕ್ಕಾ, ನಮ್ಮಜ್ಜಿ ಸತ್ತೋದ್ಲು" ಎಂದ. "ಹೋದ ತಿಂಗಳೂ ಸತ್ತಿದ್ಲಲ್ಲೇ?" ಎಂದಳು ಒಡತಿ. "ಅದು ಅಮ್ಮನ ಕಡೇದಕ್ಕಾ." ತೀರ್ಪುಗಾರರು ಪಕ್ಕೆ ಹಿಡಿದುಕೊಂಡರು. ಸೋಫಾ ಅಲುಗಾಡಿತು. "ನಿಂಗಲ್ಲಮ್ಮ ಹೇಳಿದ್ದು, ತಮಾಷೆಗೆ" ಎಂದರು ಮನೆಯಾಕೆ. ಕೆಲಸದವಳು ಮೊದಲು ಟೀವಿ ನೋಡಿದಳು, ಆಮೇಲೆ ಸೋಫಾ ನೋಡಿದಳು, ಆಮೇಲೆ ನಕ್ಕಳು. ನಮ್ಮ ಭಾಷೆಯಲ್ಲಿ ಇದನ್ನು ವಿಳಂಬಿತ ನಗು ಎನ್ನುತ್ತೇವೆ. ಸಿಗ್ನಲ್ ದೂರದಿಂದ ಬರುವುದರಿಂದ ಹೀಗಾಗುತ್ತದೆ.

ಹೊರಡುವಾಗ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತಳು. "ಅಕ್ಕಾ, ನಾಳೆ..."

"ಏನಮ್ಮ?"

"ಏನಿಲ್ಲ ಬಿಡಿ, ಬರ್ತೀನಿ."

ಮರುದಿನ ಅವಳು ಬಂದಳು, ಜೊತೆಗೆ ಜ್ವರ ಬಂದ ಮಗು. ಅದು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿತ್ತು. ಹಾಸ್ಯದಿಂದ ಮನಸ್ಸು ಹಗುರವಾಗುತ್ತದೆ ಎಂದಷ್ಟೇ ಈವರೆಗೆ ಹೇಳುತ್ತಿದ್ದೆವು. ಒಂದು ಮನೆಗೆ ಒಂದು ರಜೆ ಉಳಿಸಿಕೊಡುವ ಶಕ್ತಿಯೂ ಅದಕ್ಕಿದೆ ಎಂಬುದು ನನಗೆ ಗೊತ್ತಿರುವಂತೆ ಇನ್ನೂ ದಾಖಲಾಗಿಲ್ಲ.

ವಿರುದ್ಧ ಸಾಕ್ಷ್ಯ ಮತ್ತು ಅದರ ವಿಲೇವಾರಿ

ಬಲಿ ಇಲ್ಲದೆಯೂ ಹಾಸ್ಯ ಸಾಧ್ಯ ಎನ್ನುವವರು ಕೆಲವು ಹೆಸರುಗಳನ್ನು ಹಿಡಿದುಕೊಂಡು ಬರುತ್ತಾರೆ. ಕೈಲಾಸಂ ಅಣಕಿಸಿದ್ದು ತಮ್ಮದೇ ವರ್ಗದ, ಇಂಗ್ಲಿಷ್ ಕಲಿತ ಮೈಸೂರು ಸೀಮೆಯ ಮನೆಗಳನ್ನು. ಬೀchi ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟು ತಮ್ಮನ್ನೇ ಮುಂದೆ ನಿಲ್ಲಿಸಿಕೊಂಡರು. ರಾಶಿಯವರು ವೈದ್ಯರಾಗಿದ್ದುಕೊಂಡು 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯಪತ್ರಿಕೆ ಕಾಲು ಶತಮಾನ ನಡೆಯಿತು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ನೋಡಿ ದೇಶವೇ ನಕ್ಕಿತು, ಯಾರಿಗೂ ಸೀರೆ ಉಡಿಸಲಿಲ್ಲ. ಯಕ್ಷಗಾನದ ಹಾಸ್ಯಗಾರ ದೂತನಾಗಿ ಬಂದು ಸಿಂಹಾಸನದಲ್ಲಿ ಕೂತ ರಾಜನದ್ದೇ ಕಾಲೆಳೆಯುತ್ತಾನೆ.

ಈ ಸಾಕ್ಷ್ಯಗಳಿಂದ ನಮ್ಮ ಸಿದ್ಧಾಂತಕ್ಕೆ ಧಕ್ಕೆಯಿಲ್ಲ. ಇಲ್ಲೆಲ್ಲ ಬಲಿ ಇದ್ದೇ ಇದೆ: ತಾನು, ತನ್ನವರು, ತನಗಿಂತ ಮೇಲಿನವರು. ತೊಂದರೆ ಇರುವುದು ಪೂರೈಕೆಯಲ್ಲಿ. ತನ್ನನ್ನೇ ಬಲಿ ಕೊಡಬೇಕಾದರೆ ಮೊದಲು ತನ್ನನ್ನು ಸರಿಯಾಗಿ ನೋಡಿಕೊಳ್ಳಬೇಕು, ಅದಕ್ಕೆ ವರ್ಷಗಟ್ಟಲೆ ಬೇಕು. ವಾಹಿನಿಗೆ ಶನಿವಾರಕ್ಕೊಂದು ಭಾನುವಾರಕ್ಕೊಂದು ಬೇಕು. ಮೇಲಿನವರನ್ನು ಮುಟ್ಟಿದರೆ ಋಷಿಶಾಪ, ಈಗಿನ ಕಾಲದಲ್ಲಿ ಅದು ಜಾಹೀರಾತುದಾರರ ಮೂಲಕ ತಗುಲುತ್ತದೆ.

ಸುಪ್ರೀಂ ಕೋರ್ಟು ಕೂಡ 2024ರ ಜುಲೈನಲ್ಲಿ ಹಿಂದಿ ಚಿತ್ರವೊಂದರ ಪ್ರಕರಣದಲ್ಲಿ ಈ ವಿಷಯಕ್ಕೆ ಕೈಹಾಕಿತು. ಅಂಗವೈಕಲ್ಯ ಇರುವವರನ್ನು ಹೀನಗೊಳಿಸುವ ಹಾಸ್ಯ ಬೇರೆ, ಅವರ ಬದುಕನ್ನು ಅರ್ಥಮಾಡಿಸುವ ಹಾಸ್ಯ ಬೇರೆ ಎಂದು ಗೆರೆ ಎಳೆಯಿತು. ಈ ಗೆರೆಯನ್ನು ದಾಟುವ ವಿಧಾನ ಸರಳ. ಹತ್ತು ನಿಮಿಷ ಮೊದಲ ಬಗೆಯ ಹಾಸ್ಯ ಮಾಡಿ, ಕೊನೆಯ ಒಂದು ನಿಮಿಷ ಪಿಟೀಲು ನುಡಿಸಿ, ಕಲಾವಿದನ ತಾಯಿಯನ್ನು ವೇದಿಕೆಗೆ ಕರೆದು, ತೀರ್ಪುಗಾರರು ಅತ್ತರೆ ಇಡೀ ಸ್ಕಿಟ್ ಎರಡನೆಯ ಬಗೆಗೆ ಬಡ್ತಿ ಪಡೆಯುತ್ತದೆ. ಕಣ್ಣೀರು ಹೊಸದಾಗಿ ತರಬೇಕಿಲ್ಲ, ಅತಿಹಸಿತದ್ದು ಇನ್ನೂ ಕೆನ್ನೆಯ ಮೇಲೇ ಇರುತ್ತದೆ.

ಶಿಫಾರಸುಗಳು

ಬಲಿಗಳನ್ನು ಸರದಿಯ ಮೇಲೆ ಆರಿಸಬೇಕು. ಈ ವಾರ ಕೆಲಸದವಳಾದರೆ ಮುಂದಿನ ವಾರ ಸೋಫಾದ ಮೇಲೆ ಕೂತವರು, ಅದರ ಮುಂದಿನ ವಾರ ವಾಹಿನಿಯ ಮಾಲೀಕರು. ಈ ಪ್ರಸ್ತಾವವನ್ನು ಸಭೆಯಲ್ಲಿ ಮಂಡಿಸಿದಾಗ ಎಲ್ಲರೂ ಮನಸಾರೆ ನಕ್ಕರು, ಸ್ಮಿತದಿಂದ ಅತಿಹಸಿತದವರೆಗೆ ಆರೂ ಬಗೆಯಲ್ಲಿ. ನಾನು ಜೋಕು ಹೇಳಿರಲಿಲ್ಲ.

ಅದು ಆಗದಿದ್ದರೆ, ಪ್ರತಿ ಸ್ಕಿಟ್ಟನ್ನೂ ಚಿತ್ರೀಕರಣಕ್ಕೆ ಮುನ್ನ ಅದು ಯಾರ ಬಗ್ಗೆ ಇದೆಯೋ ಅವರನ್ನು ಎದುರಿಗೆ ಕುರ್ಚಿಯಲ್ಲಿ ಕೂರಿಸಿ ಓದಿ ಹೇಳಬೇಕು. ಬರೆದವನೇ ಓದಬೇಕು, ಫ್ಲೋರ್ ಮ್ಯಾನೇಜರ್ ಆಚೆ ಇರಬೇಕು, ಓದುವವನು ಅವರ ಮುಖ ನೋಡಿಕೊಂಡು ಓದಬೇಕು. ಓದಲು ಬಾಯಿ ಬಾರದ ಸಾಲುಗಳನ್ನು ತೆಗೆದುಹಾಕಬೇಕು. ಹೀಗೆ ಮಾಡಿದರೆ ಒಂದು ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ಬಿಟ್ಟು ಹೆಚ್ಚೇನೂ ಉಳಿಯುವುದಿಲ್ಲ ಎಂದು ಅಂದಾಜಿಸಿದ್ದೇನೆ. ವಾಹಿನಿಗೆ ಇದರಿಂದ ನಷ್ಟವಿಲ್ಲ, ಅವರು ಮಾರುತ್ತಿರುವುದು ಅದನ್ನೇ.